ಅಲ್ಪವಿರಾಮದ ಆಚೆಗಿನ ಖಾಲಿ ಜಾಗ

ಒಂದು ಕ್ಷಮೆ ಕೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಕೇಳದವನ ಮುಖ ಕಂಡ ಕೂಡಲೇ ನನ್ನ ಎದೆ ಯಾಕೆ ಹೀಗೆ ಹೊಡೆದುಕೊಳ್ಳಬೇಕು? ಅಥವಾ... ನನ್ನ ಮುನಿಸೇ ಅತಿಯಾಯಿತೇ?

ಲಿಹಿಯಾ ಕೀಲಿಮಣೆಯಿಂದ ತಲೆ ಎತ್ತಲಿಲ್ಲ. ಮೇಜಿನ ಆಚೆ ಗಾಸ್ಪಾರ್ ನಿಂತಿದ್ದ, ಕೈಯಲ್ಲಿ ದೂರದ ಊರಿಗೆ ವರ್ಗಾವಣೆ ಕೋರಿದ ಅರ್ಜಿ. ಅವನು ವಯ್ಯಾದೊಲಿದ್ ಊರಿನ ಬಸ್ ಡಿಪೋದ ಮೆಕ್ಯಾನಿಕ್. ಅವಳು ಅದೇ ಬಸ್ ಕಂಪನಿಯ ಮೆರಿದಾ ನಗರದ ಕಚೇರಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವಳು.

"ಚೆತುಮಾಲ್‌ಗೆ ಹೋಗ್ತಿದೀನಿ. ದೋನ್ಯಾ ಎಲ್ಸಿ ಸಹಿ ಬೇಕಿತ್ತು."

"ಹೋಗು. ದಾರಿ ಗೊತ್ತಲ್ಲ?"

"ನಮ್ಮದೇ ಬಸ್ಸಿದೆ."

"ಹಾಗಾದ್ರೆ ತಲುಪೋದು ಅನುಮಾನ."

ಪಕ್ಕದ ಮೇಜಿನಲ್ಲಿದ್ದ ಮೇಲಧಿಕಾರಿ, ಎಲ್ಲರೂ ಗೌರವದಿಂದ ದೋನ್ಯಾ ಎಂದು ಕರೆಯುವ ಎಲ್ಸಿ, ಪೆನ್ನು ಹುಡುಕತೊಡಗಿದರು. ಅದು ಅವರ ಕಿವಿಯ ಮೇಲೇ ಇತ್ತು.

ಕಳೆದ ಭಾನುವಾರ ಲಿಹಿಯಾಳ ಅಜ್ಜಿಗೆ ಎಂಬತ್ತು ತುಂಬಿತ್ತು. ಹುಟ್ಟುಹಬ್ಬದ ಊಟಕ್ಕೆ ನೆಲದ ಗುಂಡಿಯಲ್ಲಿ ಬೇಯಿಸಿದ ಹಂದಿಮಾಂಸವನ್ನು ಮಧ್ಯಾಹ್ನವೇ ತೆಗೆದಿದ್ದರು. ಬರುತ್ತೇನೆಂದಿದ್ದ ಗಾಸ್ಪಾರ್ ಬರಲಿಲ್ಲ, ಫೋನೂ ಮಾಡಲಿಲ್ಲ. ಅಜ್ಜಿ ಅವನ ತಟ್ಟೆಯನ್ನು ಮುಚ್ಚಿಟ್ಟುಕೊಂಡು ಸಂಜೆಯವರೆಗೆ ಬಾಗಿಲು ನೋಡುತ್ತಾ ಕುಳಿತಿದ್ದಳು. ಲಿಹಿಯಾ ಅಂದೇ ಫೋನಿನಲ್ಲಿ ಅವನ ನಂಬರನ್ನು ಬ್ಲಾಕ್ ಮಾಡಿದಳು. ಅವನಿಗೆ ಉಳಿದದ್ದು ಕಚೇರಿಯ ಸಂದೇಶ ವ್ಯವಸ್ಥೆ ಒಂದೇ. ಸೋಮವಾರದಿಂದ ದಿನಕ್ಕೊಂದರಂತೆ ಐದು ಸಂದೇಶ ಬಂದವು. ಎಲ್ಲವನ್ನೂ ಓದಿದಳು, ಒಂದಕ್ಕೂ ಉತ್ತರಿಸಲಿಲ್ಲ.

"ಅಷ್ಟು ಸಲ ಕೇಳಿದ್ರೂ ನಿನ್ನ ಮನಸ್ಸು ಕರಗ್ಲಿಲ್ವಲ್ಲ," ಎಂದ ಗಾಸ್ಪಾರ್ ಮೆಲ್ಲಗೆ.

"ಏನು ಕೇಳ್ದೆ? ಬರೀ ಇಂಜಿನ್ ಪುರಾಣ. ನೀನೇ ಓದು."

ಅವಳು ಪರದೆಯನ್ನು ಅವನತ್ತ ತಿರುಗಿಸಿದಳು.

'ಲಿಹಿಯಾ, . ಬಸ್ಸು ಕೆಟ್ಟು ಇಡೀ ದಿನ ಇಂಜಿನ್ ಕೆಳಗಿದ್ದೆ.'

ಗಾಸ್ಪಾರ್ ಅಲ್ಪವಿರಾಮದ ಪಕ್ಕ ಬೆರಳಿಟ್ಟ. "ಇಲ್ಲಿ 'ಕ್ಷಮೆ ಕೇಳುತ್ತೇನೆ' ಅಂತ ಬರೆದಿದ್ದೆ. ಎಲ್ಲಿ ಹೋಯ್ತು?"

ಅವಳು ನೋಡಿದಳು. ಅಲ್ಪವಿರಾಮ... ಖಾಲಿ ಜಾಗ... ಪೂರ್ಣವಿರಾಮ.

ಆಗ ಅವಳಿಗೆ ನೆನಪಾಯಿತು.

ಸೋಮವಾರ ಬೆಳಿಗ್ಗೆ ಕಂಪನಿಯ ವಕೀಲರು ಹೇಳಿ ಕಳಿಸಿದ್ದರು: ಕ್ಷಮೆ ಕೇಳಿದರೆ ತಪ್ಪು ಒಪ್ಪಿದಂತೆ, ಪ್ರಯಾಣಿಕರಿಗೆ ಹೋಗುವ ಪತ್ರಗಳಲ್ಲಿ ಆ ಮಾತು ಇರಕೂಡದು. ಲಿಹಿಯಾ ನಿದ್ದೆಗೆಟ್ಟ ಕಣ್ಣಲ್ಲೇ ಪ್ರೋಗ್ರಾಂಗೆ ಒಂದು ಸಾಲು ಸೇರಿಸಿದ್ದಳು. 'ಕ್ಷಮೆ ಕೇಳುತ್ತೇನೆ' ಎಂಬುದು ಎಲ್ಲಿ ಸಿಕ್ಕರೂ ಅದರ ಜಾಗದಲ್ಲಿ ಏನೂ ಇಡಬೇಡ. ಆದರೆ ಆ ಸಾಲನ್ನು ಪ್ರಯಾಣಿಕರ ಪತ್ರಗಳಿಗೆ ಮಾತ್ರ ಹಾಕದೆ, ಎಲ್ಲ ಸಂದೇಶಗಳೂ ಹಾದುಹೋಗುವ ಕಡೆ ಹಾಕಿಬಿಟ್ಟಿದ್ದಳು.

ಲಿಹಿಯಾ ಅವನ ಸಂದೇಶಗಳ ಮೂಲ ಪ್ರತಿಗಳನ್ನು ತೆರೆದಳು. ಐದರಲ್ಲೂ ಆ ಮಾತಿತ್ತು. ಬುಧವಾರದ ಸಂದೇಶ ಅವಳಿಗೆ 'ಅಜ್ಜಿಯ ಹತ್ತಿರ . ನಿನ್ನ ಹತ್ತಿರ ಇನ್ನೊಮ್ಮೆ .' ಎಂದಷ್ಟೇ ತಲುಪಿತ್ತು. ಕುಡಿದು ಬರೆದಿದ್ದಾನೆ ಎಂದುಕೊಂಡಿದ್ದಳು.

"ಅಯ್ಯೋ ಮಗಳೇ," ಎಂದರು ದೋನ್ಯಾ ಎಲ್ಸಿ, "ಕೇಳ್ಲಿಲ್ಲ ಅಂತ ಅತ್ತವಳೂ ನೀನೇ, ಕತ್ತರಿ ಹಾಕಿದವಳೂ ನೀನೇನಾ?"

ಲಿಹಿಯಾ ಅವನ ಕೈಯಿಂದ ಅರ್ಜಿ ತೆಗೆದುಕೊಂಡು ಮೇಜಿನ ಮೇಲಿಟ್ಟಳು.

"ಗಾಸ್ಪಾರ್... ಹೋಗ್ಬೇಡ. ನಿನ್ನ ಬಿಟ್ಟಿರೋಕೆ ನಂಗಾಗಲ್ಲ. ಐದು ದಿನದಲ್ಲೇ ಗೊತ್ತಾಯ್ತು."

ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕುಳಿತ. ದೋನ್ಯಾ ಎಲ್ಸಿ ಅರ್ಜಿಯನ್ನು ಎತ್ತಿಕೊಂಡು ಗಾಳಿ ಹಾಕಿಕೊಳ್ಳತೊಡಗಿದರು.

"ಈ ಸೆಕೆಗೆ ಇದಾದ್ರೂ ಉಪಯೋಗಕ್ಕೆ ಬಂತು."

"ಅಜ್ಜಿಗೆ ಇನ್ನೂ ಕೋಪನಾ?" ಗಾಸ್ಪಾರ್ ಕೇಳಿದ.

"ನಿನ್ನ ಪಾಲಿನ ಮಾಂಸ ಫ್ರಿಜ್ಜಲ್ಲೇ ಇಟ್ಟಿದಾಳೆ. ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ."

"ಐದು ದಿನದ್ದು?"

"ತಿನ್ನಬೇಕು. ಅದೇ ಶಿಕ್ಷೆ."

"ನೀನು ಪಕ್ಕದಲ್ಲಿ ಕೂತ್ರೆ ತಿಂತೀನಿ."

"ಕೂತ್ಕೋತೀನಿ."

ಮದುವೆಯಾದ ಮೇಲೂ ಗಾಸ್ಪಾರ್ ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಒಮ್ಮೆ ಬಸ್ಸನ್ನು ದೂರುತ್ತಿದ್ದ, ಒಮ್ಮೆ ವಕೀಲರನ್ನು, ಹೆಚ್ಚಾಗಿ ತನ್ನನ್ನೇ.

ತಪ್ಪು ನಿನ್ನದು ಎಂದು ಅವನು ಲಿಹಿಯಾಗೆ ಒಮ್ಮೆಯೂ ಹೇಳಲಿಲ್ಲ.