ಕೆಮ್ಮಣ್ಣು ಹಚ್ಚಿದ ಲೋಟ

ಕರೋನಾ ಪರೀಕ್ಷೆಗೆಂದು ಶಾಂತಕುಮಾರ ಮೊದಲ ಸಲ ನನ್ನ ಬಾಯಿಗೆ ಹಾಕಿದ ಕಡ್ಡಿಯನ್ನು ಕಟಕ್ಕನೆ ಕಚ್ಚಿ ಮುರಿದೆ. ಬೇಕಂತಲೇ ಮುರಿದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಏನ್ರಿ, ಕಬ್ಬ ಅಂದ್ಕೊಂಡ್ರೇನು?"

"ಕಬ್ಬಿಗಾದ್ರ ರುಚಿ ಇರ್ತೈತಿ."

ತಲೆಯಿಂದ ಕಾಲಿನವರೆಗೆ ಬಿಳಿ ಕವಚ, ಮುಖದ ಮುಂದೆ ಪ್ಲಾಸ್ಟಿಕ್ ಹಾಳೆ. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಅವು ನಕ್ಕವು. ನನಗೆ ಇನ್ನಷ್ಟು ಸಿಟ್ಟು ಬಂತು.

ಎರಡನೇ ಅಲೆಯ ಮೇ ತಿಂಗಳದು. ನನ್ನ ಕುತ್ತಿಗೆಯಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಗೊತ್ತಾಗಿ, ಕಲಬುರಗಿಯಲ್ಲಿ ಎರಡು ಕಿಮೋ ಆಗಿ, ಜಡೆ ಹೋಗಿ ತಲೆ ಬೋಳಾಗಿತ್ತು. ಮೂರನೆಯದಕ್ಕೆ ಕರೋನಾ ನೆಗೆಟಿವ್ ರಿಪೋರ್ಟ್ ತನ್ನಿ ಎಂದರು. ಶಹಾಪುರದ ಲ್ಯಾಬಿನಿಂದ ಶಿರವಾಳದ ನಮ್ಮ ಮನೆಗೆ ಬೈಕಿನಲ್ಲಿ ಬಂದವನು ಇವನು. ಮರುದಿನ ಫೋನ್ ಮಾಡಿ, "ಪಾಸಿಟಿವ್ ಬಂದೈತ್ರಿ" ಎಂದ. ಕಿಮೋ ಮುಂದೆ ಹೋಯಿತು.

ನಮ್ಮದು ಕುರಿ ಸಾಕುವ ಮನೆ. ಕಾಯಿಲೆ ಬಿದ್ದ ಕುರಿಗಳ ಬೆನ್ನಿಗೆ ಕೆಮ್ಮಣ್ಣು ಬಳಿದು, ಗುರುತು ಬಿದ್ದವನ್ನೆಲ್ಲ ಹಿಂಡಿನಿಂದ ದೂರ ಒಂದೇ ಕಡೆ ಕಟ್ಟುವುದು ಅಪ್ಪನ ಪದ್ಧತಿ. ಅಪ್ಪ ಮಲ್ಕಪ್ಪ ಅವತ್ತೇ ನನ್ನ ತಾಟಿಗೂ ಲೋಟಕ್ಕೂ ಕೆಮ್ಮಣ್ಣು ಬಳಿದ. ನನ್ನ ಹಾಸಿಗೆ ಅಂಗಳದ ಮೂಲೆಯ ಕೋಣೆಗೆ ಹೋಯಿತು. ಅವ್ವ ಹೊಸ್ತಿಲಾಚೆಯಿಂದಲೇ ರೊಟ್ಟಿ ಸರಿಸುತ್ತಿದ್ದಳು. ನಾನು ತೊಳೆದಿಟ್ಟರೆ ಅಪ್ಪ ಮತ್ತೆ ಬಳಿಯುತ್ತಿದ್ದ.

ವಾರಕ್ಕೊಮ್ಮೆ ಕಡ್ಡಿ, ವಾರಕ್ಕೊಮ್ಮೆ ಪಾಸಿಟಿವ್. ಜ್ವರ ಹೋಗಿ ಯಾವ ಕಾಲವಾಯಿತೋ! ಇಳಿದಿದ್ದ ಗಂಟು ಮತ್ತೆ ಉಬ್ಬತೊಡಗಿತು. ದಿನಕ್ಕೆ ಹತ್ತು ಸಲ ಬೆರಳಿಟ್ಟು ನೋಡುತ್ತಿದ್ದೆ. ನಾಲ್ಕನೇ ಸಲ ನಾನೇ ಬಾಯಿಬಿಟ್ಟು ಕೇಳಿದೆ.

"ನೆಗೆಟಿವ್ ಅಂತ ಬರದು ಕೊಡ್ರಿ. ನಿಮ್ದೇನ್ ಹೋಗ್ತೈತಿ?"

"ಆಗಂಗಿಲ್ರಿ."

"ಇಲ್ಲೇ ಕುಂತು ಸಾಯ್ಲೇನು ನಾ?"

"ಕ್ಯಾನ್ಸರ್ ಇದ್ದವರ ಮೈಯಾಗ ತಡಕೊಳ್ಳೋ ಶಕ್ತಿ ಕಡಿಮಿ. ವೈರಸ್ ಲಗೂನ ಬಿಟ್ಟು ಹೋಗಂಗಿಲ್ಲ. ಅದಿದ್ದಾಗ ಕಿಮೋ ಕೊಟ್ರ ನಿಮ್ಮ ಜೀವಕ್ಕ ಕುತ್ತು. ಆ ವಾರ್ಡಿನಾಗ ನಿಮ್ಮಂಥವರು ಮತ್ತಷ್ಟು ಮಂದಿ ಅದಾರ. ಅವರಿಗೂ ಹಚ್ಚಿ ಬರ್ತೀರೇನು?"

"ನಿಮ್ಮ ಬಾಯಾಗ ಮಣ್ಣ ಬೀಳ್ಲಿ!"

ಅವನು ಹೊರಗೆ ಹೋದ. ಬಿಸಿಲಿನಲ್ಲಿ ಬೈಕಿನ ಹತ್ತಿರ ನಿಂತು ಕಲಬುರಗಿಯ ಡಾಕ್ಟರಿಗೆ ಫೋನ್ ಹಚ್ಚಿದ್ದು ಕಿಟಕಿಯಿಂದ ಕೇಳಿಸಿತು. "ಮ್ಯಾಡಂ, ಗಂಟು ದೊಡ್ಡದಾಗಾಕತ್ತೈತ್ರಿ. ನೆಗೆಟಿವ್ ಬಂದ ಮರುದಿನಾನ ಬೆಡ್ ಕೊಡ್ರಿ, ಕಾಲಿಗೆ ಬೀಳ್ತೀನಿ." ನನ್ನ ಮುಂದೆ ಕಲ್ಲಿನಂತೆ ನಿಂತಿದ್ದವನ ದನಿ ನಡುಗುತ್ತಿತ್ತು. ಇವನಿಗ್ಯಾಕೆ ಬೇಕು ಈ ಉಸಾಬರಿ ಎಂದು ಅದಕ್ಕೂ ಉರಿದುಕೊಂಡೆ.

ಮುಂದಿನ ವಾರ ಬೋಳುತಲೆಗೆ ನೀಲಿ ಓಢಣಿ ಕಟ್ಟಿಕೊಂಡೆ. ಅವನಿಗಾಗಿ ಅಲ್ಲ ಎಂದು ಕನ್ನಡಿಯ ಮುಂದೆ ಎರಡು ಸಲ ಹೇಳಿದೆ.

"ನೀಲಿ ಛಲೋ ಒಪ್ಪೇತ್ರಿ."

"ಬಂದ ಕೆಲಸ ನೋಡ್ರಿ."

ಆವತ್ತು ಕಡ್ಡಿ ಕಚ್ಚಲಿಲ್ಲ.

ಮರುದಿನ ಫೋನ್ ಬರಲಿಲ್ಲ, ಅವನೇ ಬಂದ. ಕವಚವಿಲ್ಲ, ಬರೀ ಮಾಸ್ಕ್. "ನೆಗೆಟಿವ್ರಿ! ನಾಳೆ ಬೆಡ್ ಐತಿ" ಎಂದು ಅಂಗಳದಿಂದಲೇ ಕೂಗಿದ. ನಾನು ಹೊಸ್ತಿಲ ಮೇಲೆ ಕುಸಿದು ಕುಳಿತು ಗಳಗಳನೆ ಅತ್ತೆ.

ಅವ್ವ ಮಜ್ಜಿಗೆ ತಂದಳು. ಅದೇ ಕೆಂಪು ಲೋಟದಲ್ಲಿ. ನಾನು ಅರ್ಧ ಕುಡಿಯುವಷ್ಟರಲ್ಲಿ ಅವನು ನೋಡಿಬಿಟ್ಟ.

"ಇನ್ನೂ ಯಾಕ ಕಾಕಾ ಈ ಕೆಮ್ಮಣ್ಣು?"

"ಕರೋನಾ ಹೋತು ಸಾಹೇಬ್ರ, ಗಂಟಿನ ರೋಗ ಐತಲ್ಲ" ಎಂದ ಅಪ್ಪ. "ಅದೂ ಹತ್ತಿದ್ರ?"

ನನ್ನ ಕೈಯಿಂದ ಲೋಟ ಕಸಿದುಕೊಂಡವನೇ ನಾಲ್ಕು ಮಾರು ದೂರ ಹೋಗಿ ಮಾಸ್ಕ್ ಇಳಿಸಿದ. ಅವನ ಪೂರ್ತಿ ಮುಖ ನಾನು ಕಂಡದ್ದು ಆಗಲೇ. ಮುಂದಿನ ಒಂದು ಹಲ್ಲು ಸ್ವಲ್ಪ ಓರೆ. ನಾನು ಬಾಯಿಟ್ಟಲ್ಲೇ ಬಾಯಿಟ್ಟು ಉಳಿದ ಮಜ್ಜಿಗೆಯನ್ನು ಗಟಗಟ ಕುಡಿದ. ಹಸಿ ಕೆಮ್ಮಣ್ಣು ಬೆರಳಿಗೆ, ತುಟಿಗೆ ಹತ್ತಿತು.

"ಕ್ಯಾನ್ಸರ್ ಎಂಜಲಿನಿಂದ ಹತ್ತಂಗಿಲ್ಲ ಕಾಕಾ. ನಂಬಿಕಿ ಬರವಲ್ದಂದ್ರ ನೋಡ್ರಿ, ಈಗ ನನಗೂ ಗುರುತು ಬಿದ್ದೈತಿ. ಗುರುತಿನವನ್ನೆಲ್ಲ ಒಂದ ಕಡಿ ಕಟ್ತೀರಲ್ಲ? ನಮ್ಮಿಬ್ಬರನ್ನೂ ಕಟ್ಟಿಬಿಡ್ರಿ."

ಅವ್ವ ಲೋಟ ಇಸಿದುಕೊಂಡು ಬಚ್ಚಲಿಗೆ ಹೋಗಿ ಬೂದಿ ಹಾಕಿ ತಿಕ್ಕತೊಡಗಿದಳು. ಅವಳು ಅಳುತ್ತಿದ್ದಳು.

"ನಿಮ್ಮನ್ನ ಯಾರು ಕೇಳ್ಯಾರ?" ಎಂದೆ ನಾನು.

"ಯಾರೂ ಕೇಳ್ಲಿಲ್ಲ, ಅದಕ್ಕ ನಾನ ಹೇಳೀನಿ. ನಾಳೆ ಗಾಡಿ ತರ್ತೀನಿ, ಮುಂಜಾನೆ ಆರಕ್ಕ."

"ಆರಂದ್ರ ಆರು. ತಡಾ ಮಾಡಿದ್ರ ಕಚ್ತೀನಿ."

"ನಾಳೆ ನನ್ನ ಕೈಯಾಗ ಕಡ್ಡಿ ಇರಂಗಿಲ್ರಿ."

"ಬೆರಳಿರ್ತಾವಲ್ಲ" ಎಂದೆ.