ಕೆಂಪು ಟೊಪ್ಪಿಯ ಮೂರನೇ ಹೆಸರು

ಬಕೆಟ್ಟಿನ ನೀರು ಶರಬತ್ತಿನಂತೆ ಕೆಂಪಾಯಿತು. ಹಾನಿಯಾಳ ಕೈಯೂ ಕೆಂಪಾಯಿತು. ತೀರಿಹೋದ ಅಜ್ಜನ ಮದುವೆ ಟೊಪ್ಪಿ ಮಾತ್ರ ಮುದುಡಿ ಒದ್ದೆ ಕಾಲುಚೀಲದ ಹಾಗಾಯಿತು.

ಬಾತ್‌ರೂಮಿನ ಬಾಗಿಲಲ್ಲಿ ನಿಂತಿದ್ದ ತಮ್ಮ ಅಫ್ಫಾನ್ ಕಿಸಕ್ಕನೆ ನಕ್ಕ. "ಸ್ವಲ್ಪ ಕ್ಲೀನ್ ಮಾಡೋಣ ಅಂತ ಮಾಡಿದ್ದು," ಎಂದ ಹಾನಿಯಾಳಿಗೂ ನಗು ಬಂತು, ಹಿಂದೆಯೇ ಹೆದರಿಕೆಯೂ ಬಂತು.

ನಾಳೆ ಶಾಲೆಯಲ್ಲಿ ವರ್ಡ್ ಡೇ. ಹಳೆಯ ವಸ್ತುವೊಂದನ್ನು ಒಯ್ದು, ಅದರ ಹೆಸರುಗಳು ಎಲ್ಲಿಂದ ಬಂದವೆಂದು ಚಾರ್ಟಿನಲ್ಲಿ ಬರೆಯಬೇಕು. ಇಂಗ್ಲಿಷಿನ 'ಫೆಝ್' ಮೊರೊಕ್ಕೊ ದೇಶದ ಫೆಝ್ ಊರಿನಿಂದ ಬಂದದ್ದು. ಅರಬ್ಬಿಯ 'ತರ್ಬೂಶ್' ತಲೆ ಮುಚ್ಚುವುದು ಎಂಬ ಅರ್ಥದ ಪರ್ಷಿಯನ್ ಮಾತಿನಿಂದ ಬಂದದ್ದು. ಮನೆಯಲ್ಲಿ ಕರೆಯುವ ಹೆಸರೂ ಬೇಕೆಂದು ಟೀಚರ್ ಹೇಳಿದ್ದರು.

ಉಮ್ರಾ ಯಾತ್ರೆಗೆಂದು ಊರಿನಿಂದ ಜಿದ್ದಾದ ಇವರ ಮನೆಗೆ ಬಂದಿದ್ದ ಅಜ್ಜಿ ಬೀಫಾತುಮ್ಮ ಎಲ್ಲಿಗೆ ಹೋದರೂ ಈ ಟೊಪ್ಪಿ ಬಿಟ್ಟು ಹೋಗುವವರಲ್ಲ. ಇದಕ್ಕೆ ಎಂತ ಹೇಳುವುದೆಂದು ಕೇಳಿದ್ದಕ್ಕೆ, "ಅವರದ್ದು," ಎಂದಿದ್ದರು. ಅದೂ ಒಂದು ಹೆಸರಾ ಎಂದು ಹಾನಿಯಾ ಮೂತಿ ಉದ್ದ ಮಾಡಿದ್ದಳು.

ಈಗ ಅಜ್ಜಿ ಬಂದು ಬಕೆಟ್ಟಿಗೆ ಇಣುಕಿದರು. ಹಾನಿಯಾಳ ಕಣ್ಣಲ್ಲಿ ನೀರು ತುಂಬಿತು.

"ಅಳಬೇಡ ಮಾರಾಯ್ತಿ," ಎಂದರು ಅಜ್ಜಿ. "ಒಣಗುವ ಮೊದಲು ಇದನ್ನು ಕೂರಿಸಲಿಕ್ಕೆ ಒಂದು ತಲೆ ಹುಡುಕು."

ಶುರುವಾಯಿತು ತಲೆಯ ಬೇಟೆ. ಅಫ್ಫಾನನ ತಲೆಗೆ ಹಾಕಿದರೆ ಟೊಪ್ಪಿ ಮೂಗಿನವರೆಗೆ ಇಳಿಯಿತು. ಕುಕ್ಕರಿಗೆ ಹತ್ತಲೇ ಇಲ್ಲ. ಕಲ್ಲಂಗಡಿಯ ಮೇಲೆ ಕೂತ ಟೊಪ್ಪಿಯ ಗೊಂಡೆ ಅತ್ತಿತ್ತ ತೂಗಿದಾಗ, ಅಡುಗೆಮನೆಯಲ್ಲಿದ್ದ ಮಕ್ಕಳ ಉಮ್ಮ ನಗುತ್ತಾ ನೆಲದಲ್ಲೇ ಕೂತುಬಿಟ್ಟರು.

ಅಜ್ಜಿ ಮಾತ್ರ ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಗಾಳಿಯಲ್ಲಿ ಎದುರುಬದುರು ಹಿಡಿದರು. ನಡುವೆ ಒಂದು ತಲೆಯಷ್ಟು ಜಾಗವಿತ್ತು. ಹಾಗೇ ಕೈ ಹಿಡಿದುಕೊಂಡು ಅಡುಗೆಮನೆಯಿಡೀ ನಡೆದರು. ಸಕ್ಕರೆ ಡಬ್ಬಿ ಅಲ್ಲ, ಅಕ್ಕಿ ಡಬ್ಬಿ ಅಲ್ಲ. ಕೊನೆಗೆ ಹಾಲಿನ ಪುಡಿಯ ದೊಡ್ಡ ಡಬ್ಬಿಗೆ ಕೈಗಳು ಸರಿಯಾಗಿ ತಾಗಿ ನಿಂತವು.

"ಇಷ್ಟೇ," ಎಂದರು ಅಜ್ಜಿ ಮೆಲ್ಲಗೆ.

ಒದ್ದೆ ಟೊಪ್ಪಿ ಡಬ್ಬಿಯ ಮೇಲೆ ಅಳತೆ ಮಾಡಿ ಹೊಲಿದಂತೆ ಕೂತಿತು. ಯಾರೂ ನಗಲಿಲ್ಲ.

"ಅಜ್ಜಿ, ಅಜ್ಜನ ಹೆಸರು ಎಂತ?" ಎಂದು ಹಾನಿಯಾ ಕೇಳಿದಳು.

ಅಜ್ಜಿ ನಾಚಿ ತಲೆಯ ಬಟ್ಟೆ ಸರಿಮಾಡಿಕೊಂಡರು. "ಗಂಡನ ಹೆಸರು ಹೇಳಲಿಕ್ಕುಂಟಾ? ನಲವತ್ತು ವರ್ಷ ನಾನು 'ಅವರು' ಅಂತಲೇ ಹೇಳಿದ್ದು."

ಹಾನಿಯಾ ಕೆಂಪು ಕೈಯಲ್ಲೇ ಸ್ಕೆಚ್ ಪೆನ್ ಹಿಡಿದಳು. ಫೆಝ್, ತರ್ಬೂಶ್, ಅದರ ಕೆಳಗೆ 'ಅವರದ್ದು' ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಎಲ್ಲಿಂದ ಬಂತು ಎಂಬ ಜಾಗದಲ್ಲಿ, 'ನಮ್ಮ ಅಜ್ಜಿಯಿಂದ' ಎಂದು ಬರೆದಳು.