ಕಾಣೆಯಾದ ಔಷಧಿ ರಿಜಿಸ್ಟರ್

1964ನೇ ಇಸವಿ ನವೆಂಬರ್ 9, ಸೋಮವಾರ. ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ವಿಘ್ನೇಶ್ವರ ಸಾಗರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ. ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿ ಇಟ್ಟವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸುತ್ತಲ ಹಳ್ಳಿಯವರು ಅವನನ್ನು ಅರ್ಧ ಡಾಕ್ಟರೆಂದೇ ನಂಬಿದ್ದರು.

ಸಬ್-ಇನ್ಸ್‌ಪೆಕ್ಟರ್ ಹೂವಯ್ಯ ಕುರ್ಚಿ ತೋರಿಸಿದ.

"ನಿನ್ನೆ ಭಾನುವಾರ ಅಂಗಡಿ ಮುಚ್ಚಿತ್ತು. ಹಿತ್ತಿಲ ಬಾಗಿಲು ಒಡೆದು ಹಗಲಲ್ಲೇ ಕಳ್ಳತನ ಆಗಿದೆ," ಎಂದ ವಿಘ್ನೇಶ್ವರ.

"ಏನೇನು ಹೋಗಿದೆ?"

"ಒಂದು ರಿಜಿಸ್ಟರ್. ಯಾರಿಗೆ ಯಾವ ಔಷಧಿ ಮಾರಿದ್ದು ಅಂತ ಬರೆದಿಡೋದು. ಅರವತ್ತೊಂದು, ಅರವತ್ತೆರಡರದ್ದು."

"ಅಷ್ಟೇನಾ?"

"ಅಷ್ಟೇ. ಯಾರು ಮಾಡಿದ್ದು ಅಂತಾನೂ ಗೊತ್ತು. ಆನಂದಪುರದ ಕೆರಿಯಪ್ಪ. ರೈಲ್ವೆ ಗ್ಯಾಂಗ್‌ಮನ್. ಒಂದು ಮಾತ್ರೆ ವಿಷಯಕ್ಕೆ ನನ್ನ ಮೇಲೂ ಅದನ್ನ ಮಾಡೋ ಬೊಂಬಾಯಿ ಕಂಪನಿ ಮೇಲೂ ದಾವೆ ಹಾಕಿದ್ದಾನೆ. ಗುರುವಾರ ಆ ರಿಜಿಸ್ಟರ್ ಕೋರ್ಟಿಗೆ ತರಬೇಕು ಅಂತ ನನಗೆ ಸಮನ್ಸ್ ಬಂದಿತ್ತು."

ಮೊಕದ್ದಮೆ ಸಂಖ್ಯೆ 118/64. ಹಗಲಿನಲ್ಲಿ ಕಟ್ಟಡಕ್ಕೆ ನುಗ್ಗಿ ಕಳ್ಳತನ. ಎಫ್.ಐ.ಆರ್. ಬರೆದು ಮುಗಿಸಿದಾಗ ಹತ್ತು ಗಂಟೆ. ಹೂವಯ್ಯ ದಫೇದಾರ್ ಜಟ್ಟಪ್ಪನನ್ನೂ ಸಾಕ್ಷಿಗೆ ಇಬ್ಬರು ಪಂಚರನ್ನೂ ಕರೆದುಕೊಂಡು ಅಂಗಡಿಗೆ ಹೋದ.

ಒಂದೇ ಅಳತೆಯ ಎಂಟು ರಿಜಿಸ್ಟರ್‌ಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ನಡುವೆ ಒಂದರ ಜಾಗ ಖಾಲಿ. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಹಿತ್ತಿಲ ಬಾಗಿಲಿನ ಚಿಲಕ ಕಳಚಿ ನೆಲದ ಮೇಲೆ ಬಿದ್ದಿತ್ತು. ಜಟ್ಟಪ್ಪ ಮೊಣಕಾಲೂರಿ ಕೂತು ಚಿಲಕದ ನಾಲ್ಕು ತಿರುಪುಗಳನ್ನು ಅಂಗೈಗೆ ಹಾಕಿಕೊಂಡ. ಆಮೇಲೆ ಬಾಗಿಲಿನ ಮರ ಸವರಿ ನೋಡಿದ.

"ಸಾರ್, ಹೊರಗಿಂದ ಒದ್ದು ಒಡೆದಿದ್ರೆ ಮರ ಸೀಳಿ ಬರ್ಬೇಕಿತ್ತು. ಇಲ್ಲಿ ತೂತು ಹೊಸ ಬಾಗಿಲಿಂದು ಇದ್ದಂಗೆ ಇದೆ. ತಿರುಪುಳಿ ಹಾಕಿ ಬಿಚ್ಚಿದ್ದು ಇದು. ಅದೂ ಒಳಗಡೆಯಿಂದ."

ಹೂವಯ್ಯ ತಿರುಪುಗಳನ್ನು ಕಾಗದದಲ್ಲಿ ಸುತ್ತಿ, ಅರಗಿನ ಮುದ್ರೆ ಹಾಕಿಸಿ, ಪಂಚನಾಮೆಗೆ ಪಂಚರ ಸಹಿ ಪಡೆದ.

ಮಧ್ಯಾಹ್ನ 2 ಗಂಟೆಗೆ ಜೀಪು ಆನಂದಪುರದ ರೈಲ್ವೆ ಮನೆಗಳ ಮುಂದೆ ನಿಂತಿತು. ಕೆರಿಯಪ್ಪ ಆಗ ತಾನೇ ಪ್ರಯಾಣದಿಂದ ಬಂದು ಕಾಲು ತೊಳೆಯುತ್ತಿದ್ದ. ಪೊಲೀಸರನ್ನು ಕಂಡು ಅವನಿಗೆ ಆಶ್ಚರ್ಯವೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ.

"ನಿನ್ನೆ ಎಲ್ಲಿದ್ದೆ?"

"ಮೇಗರವಳ್ಳೀಲಿ, ಸ್ವಾಮಿ. ಶನಿವಾರ ಹೋದವ್ನು ಈಗ ಬಂದೆ."

"ಏನು ಕೆಲಸ?"

"ಅಲ್ಲಿ ವಿಶಾಲಮ್ಮ ಅಂತ ಒಬ್ರು ಅದಾರೆ. ಅವ್ರೂ ಅದೇ ಗುಳಿಗೆ ನುಂಗಿದ್ರು. ಸಾಕ್ಷಿ ಹೇಳ್ತೀರಾ ಅಂತ ಕೇಳಕ್ಕೆ ಹೋಗಿದ್ದೆ."

"ವಿಘ್ನೇಶ್ವರನ ರಿಜಿಸ್ಟರ್ ಕಾಣೆಯಾಗಿದೆ. ನೀನೇ ಕದ್ದೆ ಅಂತ ದೂರು ಬಂದಿದೆ."

ಕೆರಿಯಪ್ಪ ಉತ್ತರ ಕೊಡುವ ಮೊದಲೇ ಅವನ ಹೆಂಡತಿ ಯಮುನಮ್ಮ ಒಳಗಿನಿಂದ ಬಂದಳು. ಕಂಕುಳಲ್ಲಿ ಎರಡು ವರ್ಷದ ಹೆಣ್ಣು ಮಗು. ಹೆಸರು ಮಹಾಲಕ್ಷ್ಮೀ. ಮಗುವಿಗೆ ತೋಳುಗಳಿರಲಿಲ್ಲ. ಎರಡು ಪುಟ್ಟ ಅಂಗೈಗಳು ನೇರವಾಗಿ ಹೆಗಲಿಗೇ ಅಂಟಿಕೊಂಡಿದ್ದವು. ಒಂದರಲ್ಲಿ ಮೂರು ಬೆರಳು, ಇನ್ನೊಂದರಲ್ಲಿ ಎರಡು. ಜಟ್ಟಪ್ಪ ಮುಖ ಆಚೆ ತಿರುಗಿಸಿದ.

"ಯಾಕೆ ಆಚೆ ನೋಡ್ತೀರಾ? ಇಲ್ಲೇ ನೋಡಿ," ಎಂದಳು ಯಮುನಮ್ಮ. "ಆ ಪುಸ್ತಕ ನಾವ್ಯಾಕೆ ಕದೀತೀವಿ ಸ್ವಾಮಿ? ಅದ್ರಲ್ಲಿ ನನ್ನ ಹೆಸರು ಐತೆ. ಆ ಗುಳಿಗೆ ನಮ್ಮ ಕಡೆ ಮಾರೇ ಇಲ್ಲ ಅಂತ ಕಂಪನಿಯೋರು ಕೋರ್ಟಿಗೆ ಬರ್ದು ಕೊಟ್ಟಾರೆ. ಮಾರಿದ್ದಕ್ಕೆ ಗುರುತು ಅಂತ ಇದ್ದದ್ದು ಅದೊಂದೇ ಪುಸ್ತಕ."

"ಮಾತ್ರೆಯಿಂದ ಹೀಗಾಯಿತು ಅಂತ ಯಾರು ಹೇಳಿದರು?"

"ಶಿವಮೊಗ್ಗದ ದೊಡ್ಡ ಡಾಕ್ಟ್ರು. ಬೇರೆ ದೇಶದಾಗೂ ಇಂಥ ಮಕ್ಕಳು ಹುಟ್ಟ್ಯಾವಂತೆ, ಸಾವಿರಗಟ್ಟಲೆ. ಅಲ್ಲೀವರೆಗೆ ಊರೋರು ಏನಂತಿದ್ರು ಗೊತ್ತಾ? ಆ ವರ್ಷ ಅಷ್ಟಗ್ರಹ ಕೂಡಿತ್ತಲ್ಲ, ಬಸುರಿ ಹೆಂಗ್ಸು ಹೊರಗೆ ಹೋಗಿದ್ದಕ್ಕೇ ಹಿಂಗಾತು ಅಂದ್ರು. ನಮ್ಮತ್ತೆ ಒಂದು ವರ್ಷ ನನ್ನ ಕೈನೀರು ಮುಟ್ಲಿಲ್ಲ. ನಾನೂ ನನ್ನದೇ ಪಾಪ ಅನ್ಕಂಡಿದ್ದೆ."

ಅವಳ ಧ್ವನಿ ಏರಲಿಲ್ಲ. ಅದಕ್ಕೇ ಏನೋ, ಹೂವಯ್ಯನಿಗೆ ಹೇಳಿಕೆ ಬರೆದುಕೊಳ್ಳುವುದು ಕಷ್ಟವಾಯಿತು. ಬರೆದು ಮುಗಿಸಿ, ಓದಿ ಹೇಳಿ, ಎದ್ದ.

ಮರುದಿನ ಮಂಗಳವಾರ ಬೆಳಗಿನ ಜಾವವೇ ಹೊರಟ ಜೀಪು ತೀರ್ಥಹಳ್ಳಿ ದಾಟಿ ಮೇಗರವಳ್ಳಿ ಮುಟ್ಟಿದಾಗ 10-45. ವಿಶಾಲಮ್ಮ ಅಲ್ಲಿನ ಪ್ರಾಥಮಿಕ ಶಾಲೆಯ ಮೇಷ್ಟರ ಹೆಂಡತಿ, ಇಪ್ಪತ್ತೈದು ವರ್ಷದವಳು. ಕೆರಿಯಪ್ಪ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನ ಬಸ್ಸಿನವರೆಗೆ ಅವರ ಮನೆ ಜಗಲಿಯಲ್ಲೇ ಇದ್ದದ್ದನ್ನು ಅವಳೂ ಹೇಳಿದಳು, ಮೇಷ್ಟರೂ ಹೇಳಿದರು, ಅಕ್ಕಪಕ್ಕದ ನಾಲ್ಕು ಜನರೂ ಹೇಳಿದರು. ಕೆರಿಯಪ್ಪನ ಮೇಲಿನ ದೂರು ಅಲ್ಲಿಗೆ ಬಿದ್ದುಹೋಯಿತು.

"ನೀವು ಮಾತ್ರೆ ತಗೊಂಡದ್ದು ಎಲ್ಲಿ?"

"ಸಾಗರದಲ್ಲೇ. ನನ್ನ ತವರು ಇಕ್ಕೇರಿ. ವಾಂತಿ ನಿಲ್ತಾ ಇರ್ಲಿಲ್ಲ ಅಂತ ಅಪ್ಪಯ್ಯ ವಿಘ್ನೇಶ್ವರನ ಅಂಗಡೀಲಿ ಕೊಡಿಸಿದ್ರು."

ಅವಳು ಒಳಗೆ ಹೋಗಿ ಒಂದು ಕಾಗದದ ಪೊಟ್ಟಣ ತಂದಳು. ಅಂಗಡಿಯ ಮೊಹರು, ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ತಾರೀಖು, 19-3-62.

"ಮಗು?"

"ಹತ್ತೊಂಬತ್ತು ದಿನ ಬದುಕಿತ್ತು. ಅಳಕ್ಕೂ ಸರಿಯಾಗಿ ಬರ್ತಿರ್ಲಿಲ್ಲ ಅದಕ್ಕೆ." ಪೊಟ್ಟಣ ಮಡಚುತ್ತ ಹೇಳಿದಳು, "ಹೋದ ಗುರುವಾರ ಕಾರಲ್ಲಿ ಒಬ್ಬ ಬಂದಿದ್ದ. ಕಂಪನಿ ಕಡೆಯವನಂತೆ. ಯಾವ ಮಾತ್ರೇನೂ ತಗೊಂಡಿಲ್ಲ ಅಂತ ಬರೆದು ತಂದಿದ್ದ, ಸಹಿ ಹಾಕಿ ಅಂದ. ಸತ್ತ ಮಗುವಿಗೆ ಪರಿಹಾರ ಸಿಗಲ್ಲಮ್ಮ, ನಿಮಗ್ಯಾಕೆ ಕೋರ್ಟು ಅಲೆದಾಟ ಅಂತ ನಗ್ತಾ ಹೇಳ್ದ. ನಾನು ಮನಸ್ಸು ಮಾಡಿದ್ದೇ ಅವಾಗ. ಕೆರಿಯಪ್ಪನೋರು ಬಂದು ಕೇಳೋಕೆ ಮೊದ್ಲೇ."

"ಅವನು ಎಲ್ಲಿ ಇಳಿದುಕೊಂಡಿದ್ದ?"

"ಹೊಸನಗರದ ಬಂಗಲೇಲಿ ಇರ್ತೀನಿ, ಮನಸ್ಸು ಬದಲಾದ್ರೆ ಹೇಳಿ ಕಳ್ಸಿ ಅಂದಿದ್ದ."

ಹೊಸನಗರದ ಪ್ರವಾಸಿ ಬಂಗಲೆಗೆ ಅವರು ತಲುಪಿದ್ದು ಸಂಜೆ 4 ಗಂಟೆಗೆ. ಕಂಪನಿಯ ಪ್ರತಿನಿಧಿ ಆ ದಿನ ಬೆಳಿಗ್ಗೆಯಷ್ಟೇ ಶಿವಮೊಗ್ಗದ ಕಡೆಗೆ ಹೊರಟುಹೋಗಿದ್ದ. ಬಂಗಲೆಯ ಪುಸ್ತಕದಲ್ಲಿ ಅವನ ಹೆಸರು, ಬೊಂಬಾಯಿ ವಿಳಾಸ, ಕಾರಿನ ನಂಬರು ಎಲ್ಲ ಇದ್ದವು. ಬಂಗಲೆ ಕಾಯುವ ಮಾರಪ್ಪ ಕೈಕಟ್ಟಿಕೊಂಡು ನಿಂತಿದ್ದ.

"ಭಾನುವಾರ ಅವರು ಎಲ್ಲಿಗೆ ಹೋಗಿದ್ದರು?"

"ಊಟ ಮುಗಿಸ್ಕಂಡು ಸಾಗರದ ಕಡೆ ಹೋದ್ರು. ಹೊತ್ತು ಮುಳುಗೋ ಮುಂಚೆ ಬಂದ್ರು. ಕೈಯಾಗೆ ಪೇಪರ್ ಸುತ್ತಿದ್ದ ಒಂದು ದೊಡ್ಡ ಪುಸ್ತಕ ಇತ್ತು."

"ಆ ಪುಸ್ತಕ ಏನಾಯಿತು?"

"ಬಚ್ಚಲ ಒಲೆಗೆ ಹಾಕಿದ್ರು. ನಾನು ಸೌದೆ ಇಡಕ್ಕೆ ಹೋದ್ರೆ ಬೇಡ, ನಾನೇ ಉರಿ ಹಾಕ್ತೀನಿ ಅಂದ್ರು. ಒಂದೊಂದೇ ಹಾಳೆ ಹರಿದು ಹಾಕ್ತಿದ್ರು. ರಟ್ಟು ಮಾತ್ರ ಪೂರ್ತಿ ಸುಡ್ಲಿಲ್ಲ."

ಪಂಚರನ್ನು ಕರೆಸಿ ಬಚ್ಚಲ ಒಲೆಯ ಬೂದಿ ಕೆದಕಲಾಯಿತು. ಕೆಂಪು ಬಟ್ಟೆ ಅಂಟಿಸಿದ ಅರ್ಧ ಸುಟ್ಟ ರಟ್ಟು ಸಿಕ್ಕಿತು. ಅದರ ಮೇಲೆ ವಿಘ್ನೇಶ್ವರನ ಅಂಗಡಿಯ ಮೊಹರು ಇನ್ನೂ ಓದುವಂತಿತ್ತು. ಹಾಳೆಗಳಲ್ಲಿ ಉಳಿದದ್ದು ಬೆರಳಗಲದ ಎರಡು ಚೂರು. ಅವುಗಳಲ್ಲಿ ಯಾರ ಹೆಸರೂ ಇರಲಿಲ್ಲ. ಹೂವಯ್ಯ ಶಿವಮೊಗ್ಗಕ್ಕೆ ಫೋನು ಮಾಡಿ ಕಾರಿನ ನಂಬರು ಕೊಟ್ಟ.

ಬುಧವಾರ, ನವೆಂಬರ್ 11. ಬೆಳಿಗ್ಗೆ 8-30ಕ್ಕೆ ಅಂಗಡಿಯ ಶೋಧನೆ ಶುರುವಾಯಿತು. ವಿಘ್ನೇಶ್ವರ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಗೋಡೆಗೆ ನೇತುಹಾಕಿದ ತಂತಿಯೊಂದರಲ್ಲಿ ಹಳೆಯ ಟಪಾಲನ್ನೆಲ್ಲ ಚುಚ್ಚಿ ಪೋಣಿಸಿತ್ತು. ಬೆಲೆಪಟ್ಟಿ, ಜಾಹೀರಾತು, ಸುತ್ತೋಲೆ, ಹೆಚ್ಚಿನವೆಲ್ಲ ಇಂಗ್ಲಿಷಿನವು. ಹೂವಯ್ಯ ಒಂದೊಂದಾಗಿ ಬಿಡಿಸಿ ಓದುತ್ತ ಹೋದ. ನಲವತ್ತನೆಯದೋ ಏನೋ, ಅದನ್ನು ಓದಿದವನು ಎದ್ದು ಕಿಟಕಿಯ ಬೆಳಕಿಗೆ ಹೋಗಿ ಮತ್ತೆ ಮೊದಲಿನಿಂದ ಓದಿದ.

ಕಂಪನಿಯ ಪತ್ರ. ತಾರೀಖು 4ನೇ ಡಿಸೆಂಬರ್ 1961.

"ಇದು ನಿಮಗೆ ಯಾವಾಗ ಬಂತು?"

"ಅದರ ಮೇಲೇ ಇರಬೇಕಲ್ಲ."

"ಇದರಲ್ಲಿ ಏನಿದೆ?"

ವಿಘ್ನೇಶ್ವರ ತಂತಿಯ ಕಡೆ ನೋಡಿದ.

"ಓದಿ ಹೇಳಿ."

ವಿಘ್ನೇಶ್ವರ ಪತ್ರವನ್ನು ಕೈಗೆ ತೆಗೆದುಕೊಂಡ. ಕನ್ನಡಕ ಹಾಕಿಕೊಂಡ. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಕನ್ನಡಕ ತೆಗೆದ.

"ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಔಷಧಿ ಹೆಸರು ಗುರುತು ಹಿಡೀತೀನಿ. ಅಷ್ಟೇ."

ಜಟ್ಟಪ್ಪ ಪಟ್ಟಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ.

"ಎದುರು ಸಾಲಿನಲ್ಲಿ ಡಾಕ್ಟರಿದ್ದಾರೆ, ಪಕ್ಕದ ಬೀದಿಯಲ್ಲಿ ಹೈಸ್ಕೂಲ್ ಇದೆ. ಯಾರ ಹತ್ತಿರವಾದರೂ ಓದಿಸಬಹುದಿತ್ತು," ಎಂದ ಹೂವಯ್ಯ.

"ಇಪ್ಪತ್ತು ವರ್ಷದಿಂದ ಜನ ನನ್ನ ಹತ್ರ ಚೀಟಿ ತಂದು ಓದಿಸ್ತಾರೆ. ಇವನಿಗೇ ಓದಕ್ಕೆ ಬರಲ್ಲ ಅಂತ ಗೊತ್ತಾದ್ರೆ?" ಅವನು ತಲೆ ತಗ್ಗಿಸಿದ. "ಭಾನುವಾರ ಆ ಪ್ರತಿನಿಧಿ ಬಂದು ಹೇಳ್ದ. ಮಾರೋದು ನಿಲ್ಲಿಸಿ ಅಂತ ಅರವತ್ತೊಂದರಲ್ಲೇ ಬರೆದಿದ್ವಿ, ನೀನು ಆಮೇಲೂ ಹದಿನಾಲ್ಕು ಹೆಂಗಸರಿಗೆ ಮಾರಿದೀಯ, ರಿಜಿಸ್ಟರ್ ಕೋರ್ಟಿಗೆ ಹೋದ್ರೆ ಮೊದ್ಲು ಜೈಲಿಗೆ ಹೋಗೋನು ನೀನೇ ಅಂದ. ಕೊಟ್ಬಿಟ್ಟೆ. ಚಿಲಕ ಬಿಚ್ಚು, ಕೆರಿಯಪ್ಪನ ಹೆಸರು ಹೇಳು ಅಂದಿದ್ದೂ ಅವನೇ."

"ಈ ಪತ್ರ ಕೇಳಲಿಲ್ವಾ ಅವನು?"

"ಕೇಳ್ದ. ತಂತಿ ತುಂಬ ಇಂಗ್ಲಿಷ್ ಕಾಗದ. ಯಾವುದು ಅಂತ ನಂಗೆ ಹೇಗೆ ಗೊತ್ತಾಗಬೇಕು? ಅವನ ಮುಂದೆ ಹುಡುಕಕ್ಕೆ ನಾಚಿಕೆ ಆಯ್ತು. ಯಾವತ್ತೋ ಸುಟ್ಟು ಹಾಕಿದೀನಿ ಅಂದೆ."

ಹೂವಯ್ಯ ಪತ್ರವನ್ನು ಜಪ್ತಿ ಪಟ್ಟಿಗೆ ಸೇರಿಸಿದ. ಸಾಕ್ಷ್ಯದ ದಾಖಲೆ ನಾಶ ಮಾಡಿಸಿದ್ದು, ನಿರಪರಾಧಿಯ ಮೇಲೆ ಸುಳ್ಳು ದೂರು ಕೊಟ್ಟದ್ದು, ಎರಡೂ ಕಲಂ ಹಾಕಿ 11-40ಕ್ಕೆ ವಿಘ್ನೇಶ್ವರನನ್ನು ದಸ್ತಗಿರಿ ಮಾಡಿದ. ಕಂಪನಿಯ ಪ್ರತಿನಿಧಿ ಶಿವಮೊಗ್ಗ ರೈಲ್ವೆ ನಿಲ್ದಾಣದಲ್ಲಿ ಹಿಂದಿನ ರಾತ್ರಿಯೇ ಸಿಕ್ಕಿಬಿದ್ದಿದ್ದ. ಈ ದಿನ ಮಧ್ಯಾಹ್ನದೊಳಗೆ ಅವನ ಪರವಾಗಿ ಇಬ್ಬರು ವಕೀಲರು ಹಾಜರಾಗಿ, ಸಂಜೆಗೆ ಜಾಮೀನಿನ ಮೇಲೆ ಬಿಡಿಸಿಕೊಂಡು ಹೋದರು. ವಿಘ್ನೇಶ್ವರನ ಪರವಾಗಿ ಯಾರೂ ಬರಲಿಲ್ಲ.

ಸುದ್ದಿ ಕೇಳಿ ಕೆರಿಯಪ್ಪ, ಯಮುನಮ್ಮ ಮಧ್ಯಾಹ್ನದ ರೈಲಿಗೆ ಸಾಗರದ ಠಾಣೆಗೆ ಬಂದರು. ಯಮುನಮ್ಮ ಹೂವಯ್ಯನ ಮೇಜಿನ ಮುಂದೆ ನಿಂತಳು.

"ಅದ್ರಲ್ಲಿ ಏನು ಬರ್ದೈತೆ, ಓದಿ ಸ್ವಾಮಿ. ಕನ್ನಡದಾಗೆ."

ಹೂವಯ್ಯ ಓದಿದ. ಪರದೇಶಗಳಿಂದ ಕೆಲವು ವರದಿಗಳು ಬಂದಿರುವುದರಿಂದ ಈ ಮಾತ್ರೆಯನ್ನು ಗರ್ಭಿಣಿಯರಿಗೆ ಕೊಡುವುದನ್ನು ನಿಲ್ಲಿಸಬೇಕು. ಸಾಗರಕ್ಕೆ ಕಳಿಸಿರುವ ನಲವತ್ತು ಡಬ್ಬಿಗಳಲ್ಲಿ ಉಳಿದದ್ದನ್ನು ಮುಂದಿನ ಸೂಚನೆವರೆಗೆ ಇಟ್ಟುಕೊಂಡಿರಬೇಕು. ಈ ವಿಷಯವನ್ನು ಗಿರಾಕಿಗಳ ಮುಂದೆ ಪ್ರಸ್ತಾಪ ಮಾಡಬಾರದು.

"ಕಡೇದು ಇನ್ನೊಂದು ಸಲ ಓದಿ."

ಅವನು ಓದಿದ.

ಯಮುನಮ್ಮ ಲಾಕಪ್ಪಿನ ಕಂಬಿಗಳ ಹತ್ತಿರ ಹೋದಳು. ಯಾರೂ ತಡೆಯಲಿಲ್ಲ. ವಿಘ್ನೇಶ್ವರ ಗೋಡೆಗೊರಗಿ ಕೂತಿದ್ದ.

"ನಂಗೆ ಎರಡು ತಿಂಗಳು ಆಗಿತ್ತು, ಬಸುರೀರು ತಗೋಬಹುದಾ ಅಂತ ಬಾಯಿಬಿಟ್ಟು ಕೇಳಿದ್ದೆ ನಿಮ್ಮನ್ನ," ಎಂದಳು. "ನೀವು ಡಬ್ಬಿ ತಿರುಗಿಸಿ ಓದ್ದಂಗೆ ಮಾಡಿದ್ರಿ. ಇದ್ರಲ್ಲಿ ಬರ್ದೈತೆ, ಏನೂ ತೊಂದ್ರೆ ಇಲ್ಲ ಅಂದ್ರಿ. ಗೊತ್ತಿಲ್ಲ ಅಂದಿದ್ರೆ ನಾನು ವಾಂತಿ ಮಾಡ್ಕಂಡೇ ಇರ್ತಿದ್ದೆ. ಗೊತ್ತಿಲ್ಲ ಅನ್ನಕ್ಕೆ ಎಷ್ಟು ಹೊತ್ತು ಬೇಕಿತ್ತು?"

ವಿಘ್ನೇಶ್ವರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಕೈ ತೆಗೀರಿ. ನನ್ನ ಮಗಳಿಗೆ ಮುಖ ಮುಚ್ಕೊಳಕ್ಕೂ ಬರಲ್ಲ."

ಜಟ್ಟಪ್ಪ ಅಂಗಳಕ್ಕೆ ಹೋಗಿ ನಿಂತ. ಕೆರಿಯಪ್ಪ ಹೆಂಡತಿಯ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋದ.

ಮರುದಿನ ಗುರುವಾರ, ರಿಜಿಸ್ಟರ್ ಬರಬೇಕಾಗಿದ್ದ ಕೋರ್ಟಿಗೆ ಪತ್ರದ ದೃಢೀಕೃತ ನಕಲು ಬಂತು. ಮಾತ್ರೆ ಈ ಕಡೆ ಮಾರಿಯೇ ಇಲ್ಲ ಎಂಬ ವಾದ ಆ ನಲವತ್ತು ಡಬ್ಬಿಗಳ ಲೆಕ್ಕದ ಮುಂದೆ ನಿಲ್ಲಲಿಲ್ಲ. ಆದರೂ ದಾವೆ ಮೂರು ವರ್ಷ ಎಳೆಯಿತು. 1967ರಲ್ಲಿ ತೀರ್ಪಾಯಿತು. ಮಹಾಲಕ್ಷ್ಮೀಯ ಜೀವಮಾನ ಪೂರ್ತಿ ಕಂಪನಿ ತಿಂಗಳು ತಿಂಗಳು ಪರಿಹಾರ ಕೊಡಬೇಕೆಂದು ನ್ಯಾಯಾಧೀಶರು ಆಜ್ಞೆ ಮಾಡಿದರು. ಕಂಪನಿ ಮೇಲ್ಮನವಿ ಹಾಕಿ, ಅಲ್ಲೂ ಸೋತು, ಕೊಡಲು ಶುರು ಮಾಡಿತು. ವಿಶಾಲಮ್ಮ ಸಾಕ್ಷಿಕಟ್ಟೆಯಲ್ಲಿ ಎರಡು ದಿನ ನಿಂತಳು. ಆ ಪ್ರತಿನಿಧಿ ಹೇಳಿದ್ದು ನಿಜವೇ ಆಗಿತ್ತು, ಅವಳ ಮಗುವಿಗೆ ಏನೂ ಸಿಗಲಿಲ್ಲ. ಉಳಿದ ಹನ್ನೆರಡು ಹೆಂಗಸರ ಹೆಸರು ಬಚ್ಚಲ ಒಲೆಯ ಬೂದಿಯಲ್ಲೇ ಹೋಯಿತು.

ವಿಘ್ನೇಶ್ವರನಿಗೆ ಒಂದೂವರೆ ವರ್ಷ ಸಜೆಯಾಯಿತು. ದಸ್ತಗಿರಿಯ ದಿನ ಹೂವಯ್ಯ ಕೇಸ್ ಡೈರಿಯಲ್ಲಿ ಕಾರಣದ ಜಾಗದಲ್ಲಿ ಮೊದಲು "ಜೈಲಿನ ಭಯ" ಎಂದು ಬರೆದಿದ್ದ. ಮನೆಗೆ ಹೋಗುವ ಮುಂಚೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಸಹಿ ಮಾಡಿ, ಬೇರೆ ಬರೆದ: "ತನಗೆ ಓದಲು ಬಾರದೆಂದು ಒಪ್ಪಿಕೊಳ್ಳಲು ನಾಚಿಕೆ."